ಕ್ಲೌಡ್ ನೆಟ್‌ವರ್ಕಿಂಗ್: ಬಾಯಿಪಾಠ ಬೇಡ, ದಾರಿ ಹಿಡಿದು ಓದಿ

ಅಮೆಜಾನ್ ಕಂಪನಿಯ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್, ಹೊಸಬರಿಗೆಂದೇ ‘ಕ್ಲೌಡ್ ಪ್ರ್ಯಾಕ್ಟಿಷನರ್’ ಎಂಬ ಪರೀಕ್ಷೆ ನಡೆಸುತ್ತದೆ. ಇದಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕೋಡ್ ಬರೆಯಲು ಬರಲೇಬೇಕೆಂದೂ ಇಲ್ಲ. ಆದರೆ ನೆಟ್‌ವರ್ಕಿಂಗ್ ಪಾಠಕ್ಕೆ ಬಂದ ಕೂಡಲೇ ವಿಪಿಸಿ, ಸಬ್‌ನೆಟ್, ಗೇಟ್‌ವೇ ಎಂದು ಹೆಸರುಗಳು ಸಾಲುಗಟ್ಟುತ್ತವೆ. ಹಲವರು ಅವನ್ನು ಉರು ಹೊಡೆಯಲು ಕೂರುತ್ತಾರೆ. ಅದರ ಬದಲು ಹೀಗೆ ಮಾಡಿ: ಬಳಕೆದಾರರ ಮೊಬೈಲ್‌ನಿಂದ ಹೊರಟ ಒಂದು ವಿನಂತಿ ಸರ್ವರ್ ತಲುಪಿ ಮರಳುವ ದಾರಿಯನ್ನು ಗಮನಿಸಿ. ಪ್ರತಿ ಹೆಸರಿಗೂ ಆ ದಾರಿಯಲ್ಲಿ ಒಂದು ಕೆಲಸವಿದೆ.

ಸರ್ವರ್ ಇರುವುದೆಲ್ಲಿ?

ಎಡಬ್ಲ್ಯುಎಸ್ ತನ್ನ ಡೇಟಾ ಸೆಂಟರ್‌ಗಳನ್ನು ರೀಜನ್, ಅಂದರೆ ಪ್ರದೇಶಗಳಾಗಿ ವಿಂಗಡಿಸಿದೆ. ಭಾರತದಲ್ಲಿ ಎರಡು ರೀಜನ್‌ಗಳಿವೆ. ಮುಂಬೈಯದು 2016ರಲ್ಲಿ, ಹೈದರಾಬಾದಿನದು 2022ರಲ್ಲಿ ಆರಂಭವಾಯಿತು. ಪ್ರತಿ ರೀಜನ್ ಒಳಗೆ ಹಲವು ‘ಅವೈಲಬಿಲಿಟಿ ಝೋನ್’ಗಳಿರುತ್ತವೆ. ಒಂದು ಝೋನ್ ಎಂದರೆ ತನ್ನದೇ ವಿದ್ಯುತ್, ತನ್ನದೇ ನೆಟ್‌ವರ್ಕ್ ಸಂಪರ್ಕವಿರುವ ಒಂದೋ ಹಲವೋ ಡೇಟಾ ಸೆಂಟರ್‌ಗಳು.

ರೀಜನ್ ಒಳಗೆ ನಿಮಗಾಗಿ ಬೇರ್ಪಡಿಸಿಕೊಳ್ಳುವ ಖಾಸಗಿ ನೆಟ್‌ವರ್ಕ್ ವಿಪಿಸಿ, ಅಂದರೆ ವರ್ಚುವಲ್ ಪ್ರೈವೇಟ್ ಕ್ಲೌಡ್. ಅದನ್ನು ಭಾಗ ಮಾಡಿದರೆ ಸಿಗುವ ತುಂಡು ಸಬ್‌ನೆಟ್. ವಿಪಿಸಿ ಇಡೀ ರೀಜನ್‌ಗೆ ಹಬ್ಬಿರುತ್ತದೆ. ಸಬ್‌ನೆಟ್ ಒಂದೇ ಝೋನ್‌ನಲ್ಲಿರುತ್ತದೆ. ಹಾಗಾಗಿ ಒಂದು ಝೋನ್ ಕೆಟ್ಟರೂ ಸೇವೆ ನಿಲ್ಲಬಾರದು ಎಂದಾದರೆ, ಕನಿಷ್ಠ ಎರಡು ಝೋನ್‌ಗಳಲ್ಲಿ ಸಬ್‌ನೆಟ್ ಬೇಕು.

10.0.0.0/16 ಎಂದರೇನು?

ಇದು ವಿಳಾಸಗಳ ವ್ಯಾಪ್ತಿ. ಈ ಬರವಣಿಗೆಗೆ ಸಿಐಡಿಆರ್ ಎಂದು ಹೆಸರು. ‘ಸೈಡರ್’ ಎಂದು ಓದುತ್ತಾರೆ. ಐಪಿವಿ4 ವಿಳಾಸದಲ್ಲಿ 32 ಬಿಟ್‌ಗಳಿವೆ. /16 ಎಂದರೆ ಮೊದಲ 16 ಬಿಟ್ ಬದಲಾಗುವುದಿಲ್ಲ. ಉಳಿದ 16 ಬಿಟ್‌ಗಳಿಂದ 65,536 ವಿಳಾಸ ಸಿಗುತ್ತವೆ. /24 ಆದರೆ 256 ಮಾತ್ರ. ಗೆರೆಯ ನಂತರದ ಸಂಖ್ಯೆ ಹೆಚ್ಚಿದಷ್ಟೂ ವಿಳಾಸಗಳು ಕಡಿಮೆ. ಪ್ರತಿ ಸಬ್‌ನೆಟ್‌ನಲ್ಲಿ 5 ವಿಳಾಸಗಳನ್ನು ಎಡಬ್ಲ್ಯುಎಸ್ ತನಗೆ ಇಟ್ಟುಕೊಳ್ಳುತ್ತದೆ. ಆದ್ದರಿಂದ /24 ಸಬ್‌ನೆಟ್‌ನಲ್ಲಿ ನಿಮಗೆ ಉಳಿಯುವುದು 251.

ಪಬ್ಲಿಕ್, ಪ್ರೈವೇಟ್ ಆಗುವುದು ಹೇಗೆ?

ಇಲ್ಲಿ ಸ್ವಲ್ಪ ನಿಲ್ಲಿ. ಸಬ್‌ನೆಟ್ ಹುಟ್ಟಿನಿಂದ ಪಬ್ಲಿಕ್ಕೂ ಅಲ್ಲ, ಪ್ರೈವೇಟೂ ಅಲ್ಲ. ಅದನ್ನು ನಿರ್ಧರಿಸುವುದು ರೂಟ್ ಟೇಬಲ್, ಅಂದರೆ ಯಾವ ವಿಳಾಸಕ್ಕೆ ಯಾವ ದಾರಿ ಎಂದು ಬರೆದಿಟ್ಟ ಪಟ್ಟಿ. ಆ ಪಟ್ಟಿಯಲ್ಲಿ 0.0.0.0/0, ಅಂದರೆ ‘ಉಳಿದೆಲ್ಲ ವಿಳಾಸಗಳು’, ವಿಪಿಸಿಯನ್ನು ಇಂಟರ್ನೆಟ್‌ಗೆ ಜೋಡಿಸುವ ಇಂಟರ್ನೆಟ್ ಗೇಟ್‌ವೇ ಕಡೆ ಹೋಗಲಿ ಎಂದಿದ್ದರೆ ಆ ಸಬ್‌ನೆಟ್ ಪಬ್ಲಿಕ್. ಆ ಸಾಲು ಇಲ್ಲದಿದ್ದರೆ ಪ್ರೈವೇಟ್. ಹೊರಗಿನವರು ಸರ್ವರ್ ತಲುಪಲು ಈ ದಾರಿಯ ಜೊತೆಗೆ ಅದಕ್ಕೆ ಪಬ್ಲಿಕ್ ಐಪಿ ವಿಳಾಸವೂ ಇರಬೇಕು.

ಹಾಗಾದರೆ ಪ್ರೈವೇಟ್ ಸಬ್‌ನೆಟ್‌ನ ಸರ್ವರ್ ತನ್ನ ಸಾಫ್ಟ್‌ವೇರ್ ಅಪ್‌ಡೇಟ್ ತರಿಸಿಕೊಳ್ಳುವುದು ಹೇಗೆ? ಅದಕ್ಕೆ ನ್ಯಾಟ್ ಗೇಟ್‌ವೇ ಇದೆ. ಅದರ ಮೂಲಕ ಒಳಗಿನವರು ಹೊರಗೆ ಮಾತು ಶುರು ಮಾಡಬಹುದು, ಉತ್ತರವನ್ನೂ ಪಡೆಯಬಹುದು. ಹೊರಗಿನವರು ತಾವಾಗಿ ಒಳಗೆ ಬರಲಾಗದು.

ಎರಡು ಹಂತದ ತಪಾಸಣೆ

ಸಬ್‌ನೆಟ್‌ನ ಅಂಚಿನಲ್ಲಿರುವುದು ನೆಟ್‌ವರ್ಕ್ ಎಸಿಎಲ್. ಸರ್ವರ್‌ನ ಮಟ್ಟದಲ್ಲಿರುವುದು ಸೆಕ್ಯುರಿಟಿ ಗ್ರೂಪ್. ಪರೀಕ್ಷೆಯಲ್ಲಿ ಗೊಂದಲ ಹುಟ್ಟಿಸುವ ಜೋಡಿ ಇದು.

ಸೆಕ್ಯುರಿಟಿ ಗ್ರೂಪ್ ‘ಸ್ಟೇಟ್‌ಫುಲ್’. ಒಳಗೆ ಬಿಟ್ಟ ವಿನಂತಿಯನ್ನು ಅದು ನೆನಪಿಟ್ಟುಕೊಳ್ಳುತ್ತದೆ. ವೆಬ್‌ಸೈಟಿಗಾಗಿ 443ನೇ ಪೋರ್ಟ್ ತೆರೆದರೆ ಸಾಕು, ಉತ್ತರ ತಾನಾಗಿ ಹೊರಹೋಗುತ್ತದೆ. ಅದರಲ್ಲಿ ‘ಬಿಡು’ ಎಂಬ ನಿಯಮವಷ್ಟೇ ಬರೆಯಬಹುದು, ‘ತಡೆ’ ಎಂದು ಬರೆಯಲಾಗದು. ನೆಟ್‌ವರ್ಕ್ ಎಸಿಎಲ್ ‘ಸ್ಟೇಟ್‌ಲೆಸ್’. ಅದಕ್ಕೆ ನೆನಪಿಲ್ಲ, ಹೋಗುವುದಕ್ಕೂ ಬರುವುದಕ್ಕೂ ಬೇರೆ ಬೇರೆ ನಿಯಮ ಬರೆಯಬೇಕು. ಆದರೆ ಅದು ತಡೆಯಲೂ ಬಲ್ಲದು. ‘ಇಂಥ ಐಪಿ ವಿಳಾಸವನ್ನು ತಡೆಯಬೇಕು’ ಎಂದು ಈ ಎರಡರಲ್ಲಿ ಒಂದನ್ನು ಆರಿಸಲು ಕೇಳಿದರೆ, ಉತ್ತರ ನೆಟ್‌ವರ್ಕ್ ಎಸಿಎಲ್.

ವಿಪಿಸಿಯ ಹೊರಗೆ

ರೂಟ್ 53, ವೆಬ್‌ಸೈಟಿನ ಹೆಸರನ್ನು ಐಪಿ ವಿಳಾಸವಾಗಿಸುವ ಡಿಎನ್‌ಎಸ್ ಸೇವೆ. ಕ್ಲೌಡ್‌ಫ್ರಂಟ್, ಚಿತ್ರ, ವಿಡಿಯೊಗಳ ನಕಲನ್ನು ಬಳಕೆದಾರರಿಗೆ ಹತ್ತಿರದ ತಾಣದಿಂದ ಕಳಿಸುತ್ತದೆ. ಕಚೇರಿಯನ್ನು ವಿಪಿಸಿಗೆ ಜೋಡಿಸಲು ಎರಡು ದಾರಿ: ಇಂಟರ್ನೆಟ್ ಮೇಲೆಯೇ ಗೂಢಲಿಪಿಯಲ್ಲಿ ಸಾಗುವ ವಿಪಿಎನ್, ಅಥವಾ ಪ್ರತ್ಯೇಕ ಖಾಸಗಿ ತಂತಿಯ ಡೈರೆಕ್ಟ್ ಕನೆಕ್ಟ್.

ಖರ್ಚೆಷ್ಟು?

ವಿಪಿಸಿ, ಸಬ್‌ನೆಟ್, ಸೆಕ್ಯುರಿಟಿ ಗ್ರೂಪ್‌ಗಳಿಗೆ ಹಣವಿಲ್ಲ. ಆದರೆ ನ್ಯಾಟ್ ಗೇಟ್‌ವೇ ಸುಮ್ಮನಿದ್ದರೂ ಗಂಟೆ ಲೆಕ್ಕದಲ್ಲಿ ಬಿಲ್ ಏರುತ್ತದೆ. ಪಬ್ಲಿಕ್ ಐಪಿವಿ4 ವಿಳಾಸಕ್ಕೂ 2024ರ ಫೆಬ್ರುವರಿಯಿಂದ ಗಂಟೆಗೆ 0.005 ಡಾಲರ್ ಶುಲ್ಕವಿದೆ. ತಿಂಗಳಿಗೆ ಸುಮಾರು 3.6 ಡಾಲರ್. ಆದ್ದರಿಂದ ಅಭ್ಯಾಸ ಶುರು ಮಾಡುವ ಮೊದಲೇ ಬಜೆಟ್ ಎಚ್ಚರಿಕೆ ಹಾಕಿಕೊಳ್ಳಿ, ಮುಗಿದ ಕೂಡಲೇ ಎಲ್ಲವನ್ನೂ ಅಳಿಸಿ.

ಪರೀಕ್ಷಾ ಶುಲ್ಕ 100 ಡಾಲರ್, ತೆರಿಗೆ ಬೇರೆ. ಸಮಯ 90 ನಿಮಿಷ, ಪ್ರಶ್ನೆಗಳು 65. ಸಾವಿರಕ್ಕೆ 700 ಬಂದರೆ ಪಾಸು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವುದನ್ನೂ ಖಾಲಿ ಬಿಡಬೇಡಿ. ಪ್ರಮಾಣಪತ್ರ 3 ವರ್ಷ ನಡೆಯುತ್ತದೆ.

ಎಲ್ಲಿ ಕಲಿಯುವುದು, ಎಲ್ಲಿ ಬರೆಯುವುದು?

ಎಡಬ್ಲ್ಯುಎಸ್ ಸ್ಕಿಲ್ ಬಿಲ್ಡರ್ ತಾಣದಲ್ಲಿ ‘ಕ್ಲೌಡ್ ಪ್ರ್ಯಾಕ್ಟಿಷನರ್ ಎಸೆನ್ಷಿಯಲ್ಸ್’ ಕೋರ್ಸ್ ಉಚಿತ. ಪರೀಕ್ಷೆಯನ್ನು ಪಿಯರ್ಸನ್ ವಿಯುಇ ಕೇಂದ್ರದಲ್ಲೋ ಮನೆಯಿಂದಲೋ ಬರೆಯಬಹುದು. ಪ್ರಶ್ನೆಪತ್ರಿಕೆ ಕನ್ನಡದಲ್ಲಿಲ್ಲ. ಆದರೆ ಇಂಗ್ಲಿಷ್ ಮಾತೃಭಾಷೆಯಲ್ಲದವರು ಇಂಗ್ಲಿಷಿನಲ್ಲಿ ಬರೆಯುವಾಗ 30 ನಿಮಿಷ ಹೆಚ್ಚುವರಿ ಸಮಯ ಕೇಳಿ ಪಡೆಯಬಹುದು. ಈ ಮನವಿಯನ್ನು ಪರೀಕ್ಷೆಯ ದಿನ ಕಾಯ್ದಿರಿಸುವ ಮೊದಲೇ ನಿಮ್ಮ ಖಾತೆಯಲ್ಲಿ ಸಲ್ಲಿಸಬೇಕು. ಇದು ನಿಮಗಿರುವ ಸೌಲಭ್ಯ, ಸಂಕೋಚಪಡದೆ ಬಳಸಿಕೊಳ್ಳಿ.