ಜಪಾನಿನ ಅನಿಮೇಷನ್ ಉದ್ಯಮ: ತೆರೆಯ ಹಿಂದಿನ ದುಡಿಮೆ

ಡೋರೆಮಾನ್, ಶಿನ್‌ಚಾನ್ ಮೊದಲಾದ ಪಾತ್ರಗಳು ಇಂದು ನಮ್ಮ ಮಕ್ಕಳಿಗೆ ನೆರೆಮನೆಯವರಷ್ಟೇ ಪರಿಚಿತ. 'ಅನಿಮೆ' ಎಂದು ಹೆಸರಾದ ಜಪಾನಿನ ಈ ಚಿತ್ರಗಳ ಒಟ್ಟು ವಹಿವಾಟು 2023ರಲ್ಲಿ ಮೂರು ಲಕ್ಷ ಕೋಟಿ ಯೆನ್‌ಗಳನ್ನು ದಾಟಿತು. ಆದರೆ ಆ ಚಿತ್ರಗಳನ್ನು ಒಂದೊಂದಾಗಿ ಬರೆಯುವ ಕೈಗಳಿಗೆ ಈ ಸಂಪತ್ತಿನಲ್ಲಿ ದಕ್ಕುವ ಪಾಲು ಅತ್ಯಲ್ಪ. ಇದರ ಕಾರಣ ಉದ್ಯಮದ ರಚನೆಯಲ್ಲಿಯೇ ಅಡಗಿದೆ.

ಅರ್ಧ ಗಂಟೆಯ ಒಂದು ಕಂತಿಗೆ ಸಾವಿರಾರು ಚಿತ್ರಗಳು ಬೇಕು. ಚಲನೆಯ ಮುಖ್ಯ ಭಂಗಿಗಳನ್ನು ಅನುಭವಿ ಕಲಾವಿದರು ಬರೆಯುತ್ತಾರೆ, ಇವು 'ಗೆಂಗಾ'. ಎರಡು ಭಂಗಿಗಳ ನಡುವಣ ಚಿತ್ರಗಳಾದ 'ದೋಗಾ'ಗಳನ್ನು ಹೊಸಬರು ತುಂಬುತ್ತಾರೆ. ಟೋಕಿಯೋದ ಸುಗಿನಾಮಿ, ನೆರಿಮಾ ಬಡಾವಣೆಗಳ ಸ್ಟುಡಿಯೋಗಳಿಗಾಗಿ ದುಡಿಯುವ ಇವರಲ್ಲಿ ಅನೇಕರು ಸಂಬಳದ ನೌಕರರಲ್ಲ. ಹಾಳೆಯ ಲೆಕ್ಕದಲ್ಲಿ ಕೂಲಿ ಪಡೆಯುವವರು. ಹಾಳೆಯೊಂದಕ್ಕೆ 200 ಯೆನ್ ಎಂದಿಟ್ಟುಕೊಂಡರೆ, ತಿಂಗಳಿಗೆ 500 ಹಾಳೆ ಬರೆದವನಿಗೆ ದೊರೆಯುವುದು ಒಂದು ಲಕ್ಷ ಯೆನ್. ಟೋಕಿಯೋದಂತಹ ನಗರದಲ್ಲಿ ಬಾಡಿಗೆ ತೆತ್ತ ಮೇಲೆ ಉಳಿಯುವುದೆಷ್ಟು? ಅನಿಮೇಷನ್ ಕಲಾವಿದರ ಸಂಘವು 2015ರಲ್ಲಿ ಪ್ರಕಟಿಸಿದ ವರದಿಯಂತೆ, ದೋಗಾ ಬರೆಯುವವರ ಸರಾಸರಿ ವಾರ್ಷಿಕ ಆದಾಯ ಸುಮಾರು 11 ಲಕ್ಷ ಯೆನ್. ಉದ್ಯಮದ ಒಟ್ಟಾರೆ ಸರಾಸರಿಯ ಮೂರನೆಯ ಒಂದು ಭಾಗ ಮಾತ್ರ.

ಈ ಪರಿಸ್ಥಿತಿಯ ಬೇರುಗಳು 1963ರಷ್ಟು ಹಿಂದಕ್ಕೆ ಚಾಚಿವೆ. ಆ ವರ್ಷದ ಜನವರಿ 1ರಂದು ಒಸಾಮು ತೆಜುಕಾ ಅವರ 'ತೆತ್ಸುವಾನ್ ಆಟಮ್' ಧಾರಾವಾಹಿ ದೂರದರ್ಶನದಲ್ಲಿ ಆರಂಭವಾಯಿತು. ಅದನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಒಪ್ಪಿಸಲಾಗಿತ್ತು; ಕೊರತೆಯನ್ನು ಪಾತ್ರಗಳ ಹಕ್ಕಿನ ಮಾರಾಟದಿಂದ ತುಂಬಿಕೊಳ್ಳಬೇಕಿತ್ತು. ಆ ಅಗ್ಗದ ದರವೇ ಮುಂದಿನವರಿಗೆ ಮೇಲ್ಪಂಕ್ತಿಯಾಯಿತೆಂದು ಹಲವರ ಅಭಿಪ್ರಾಯ. ತೆಜುಕಾ ಸ್ಥಾಪಿಸಿದ ಮುಶಿ ಪ್ರೊಡಕ್ಷನ್ 1973ರಲ್ಲಿ ದಿವಾಳಿಯಾಯಿತು. ಮುಂದೆ ವಾಹಿನಿಗಳು, ಪ್ರಕಾಶಕರು, ಆಟಿಕೆ ಕಂಪನಿಗಳು ಕೂಡಿ ಬಂಡವಾಳ ಹೂಡುವ 'ನಿರ್ಮಾಣ ಸಮಿತಿ' ಪದ್ಧತಿ ಬೇರೂರಿತು. ಹಕ್ಕೂ ಲಾಭವೂ ಹೂಡಿಕೆದಾರರಿಗೆ. ಹಣ ಹೂಡಲಾರದ ಸ್ಟುಡಿಯೋಗೆ ನಿಗದಿತ ಶುಲ್ಕ ಮಾತ್ರ. ಚಿತ್ರ ಜಗತ್ತನ್ನೇ ಗೆದ್ದರೂ ಬರೆದವರ ಕೂಲಿ ಏರಬೇಕೆಂದಿಲ್ಲ.

ಬಡತನಕ್ಕಿಂತಲೂ ಆಳವಾದ ಆತಂಕವೊಂದಿದೆ. ದೋಗಾ ಬರೆಯುವುದು ಕೇವಲ ಕೂಲಿಯಲ್ಲ, ವಿದ್ಯಾಭ್ಯಾಸವೂ ಹೌದು. ಹಿರಿಯರ ರೇಖೆಯನ್ನು ಅನುಸರಿಸುತ್ತ ಕಿರಿಯರು ಚಲನೆಯ ಮರ್ಮವನ್ನು ಅರಿಯುತ್ತಿದ್ದರು. ಈಗ ಆ ಕೆಲಸದ ಬಹುಭಾಗ ಚೀನಾ, ಕೊರಿಯಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳಿಗೆ ಹೋಗುತ್ತಿದೆ. ದೇಶದಲ್ಲಿ ಕಲಿಯಲು ಬಂದವರೂ ಹೊಟ್ಟೆಪಾಡು ಸಾಗದೆ ಬಿಟ್ಟುಹೋದರೆ ನಾಳೆ ಗೆಂಗಾ ಬರೆಯುವವರು ಯಾರು?

ಬೇರೆ ದಾರಿ ಇಲ್ಲದಿಲ್ಲ. 1981ರಲ್ಲಿ ಆರಂಭವಾದ ಕ್ಯೋಟೋ ಅನಿಮೇಷನ್ ಸಂಸ್ಥೆಯು ಕಲಾವಿದರನ್ನು ಸಂಬಳದ ನೌಕರರನ್ನಾಗಿ ನೇಮಿಸಿಕೊಂಡು, ತಾನೇ ತರಬೇತಿ ನೀಡಿ, ತಾನೇ ಪ್ರಕಟಿಸಿದ ಕಾದಂಬರಿಗಳನ್ನೂ ಚಿತ್ರವಾಗಿಸಿ ಹಕ್ಕನ್ನು ಉಳಿಸಿಕೊಂಡಿತು. 2019ರ ಜುಲೈ 18ರಂದು ದುಷ್ಕರ್ಮಿಯೊಬ್ಬ ಅದರ ಸ್ಟುಡಿಯೋಗೆ ಬೆಂಕಿಯಿಟ್ಟಾಗ 36 ಮಂದಿ ಅಸುನೀಗಿದರು. ಕಟ್ಟಡವನ್ನು ಮತ್ತೆ ಕಟ್ಟಬಹುದು. ವರ್ಷಗಟ್ಟಲೆ ಪಳಗಿದ ಕೈಗಳನ್ನು ತಂದುಕೊಡುವವರಾರು? ಆದರೂ ಸಂಸ್ಥೆ ಕೆಲಸವನ್ನು ಮುಂದುವರಿಸಿದೆ.

2024ರ ನವೆಂಬರಿನಲ್ಲಿ ಜಾರಿಗೆ ಬಂದ ಕಾನೂನಿನಂತೆ ಸ್ವತಂತ್ರ ದುಡಿಮೆಗಾರರಿಗೆ ಕರಾರನ್ನು ಲಿಖಿತವಾಗಿ ನೀಡಬೇಕು, ಕೆಲಸ ಒಪ್ಪಿಸಿದ 60 ದಿನಗಳೊಳಗೆ ಹಣ ಪಾವತಿಸಬೇಕು. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಹಾಳೆಯ ದರವನ್ನು ಈ ಕಾನೂನು ನಿಗದಿಪಡಿಸುವುದಿಲ್ಲ. ಲಾಭದಲ್ಲಿ ಪಾಲನ್ನೂ ಕೊಡಿಸುವುದಿಲ್ಲ. ಆ ಪಾಲು ಬರೆಯುವ ಕೈಗೆ ತಲುಪುವವರೆಗೂ ಈ ಕಲೆಯ ನಾಳೆಗಳು ಭದ್ರವೆನ್ನಲಾಗದು.