ಬೆನ್ನ ಹಿಂದೆ ನೋಡುವ ನಾಡು

ರೆಗ್ಗೆ ಗಾಯಕ ಬಾಬ್ ಮಾರ್ಲೆ 1981ರ ಮೇ 11ರಂದು ತೀರಿಕೊಂಡ ಬಳಿಕ, ಅವರ ಅಂತ್ಯಕ್ರಿಯೆಯನ್ನು ಚಿತ್ರೀಕರಿಸಲೆಂದು ಜಮೈಕಾಕ್ಕೆ ಹೋದ ಅಮೆರಿಕದ ನಿರ್ದೇಶಕ ಅಲನ್ ಗ್ರೀನ್‌ಬರ್ಗ್ ಅಲ್ಲಿಂದ ತಂದದ್ದು ಶೋಕಯಾತ್ರೆಯ ದಾಖಲೆಯನ್ನಷ್ಟೇ ಅಲ್ಲ. 1982ರಲ್ಲಿ ತೆರೆಕಂಡ ‘ಲ್ಯಾಂಡ್ ಆಫ್ ಲುಕ್ ಬಿಹೈಂಡ್’ ಎಂಬ ಸುಮಾರು ಒಂದೂವರೆ ಗಂಟೆಯ ಈ ಚಿತ್ರದಲ್ಲಿ ಮಾರ್ಲೆಯವರ ಸಾವು ಒಂದು ನೆಪವಾಗಿ ಹಿಂದೆ ಸರಿದು, ಕಾಡು, ಬೆಟ್ಟ, ಕಿಂಗ್‌ಸ್ಟನ್ನಿನ ಬೀದಿಗಳು ಮತ್ತು ಅಲ್ಲಿನ ಜನರ ಮಾತು ಮುನ್ನೆಲೆಗೆ ಬರುತ್ತವೆ. ಒಂದು ಧರ್ಮವನ್ನೂ ಒಂದು ಸಂಗೀತವನ್ನೂ ಅವು ಹುಟ್ಟಿದ ನೆಲದಿಂದ ಬೇರ್ಪಡಿಸದೆ ನೋಡಿದ್ದರಲ್ಲಿಯೇ ಈ ಚಿತ್ರದ ದೊಡ್ಡತನವಿದೆ.

ಆ ನೆಲದ ಚರಿತ್ರೆ ಚಿತ್ರದ ಹೆಸರಿನಲ್ಲಿಯೇ ಅಡಗಿದೆ. ಜಮೈಕಾದ ಪಶ್ಚಿಮ ಭಾಗದಲ್ಲಿರುವ ‘ಕಾಕ್‌ಪಿಟ್ ಕಂಟ್ರಿ’ ಎಂಬ ಪ್ರದೇಶದಲ್ಲಿ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಕೊರೆದ ಆಳವಾದ ಕುಳಿಗಳೂ ಅವುಗಳ ನಡುವೆ ಕಡಿದಾದ ಗುಡ್ಡಗಳೂ ಒತ್ತೊತ್ತಾಗಿ ಹಬ್ಬಿವೆ. ಕೋಳಿ ಅಂಕದ ಕಣಗಳಂತೆ ಕಂಡ ಕಾರಣ ಬ್ರಿಟಿಷರು ಅದಕ್ಕೆ ಆ ಹೆಸರಿಟ್ಟರು. 1655ರಲ್ಲಿ ಇಂಗ್ಲಿಷರು ಸ್ಪೇನಿನಿಂದ ದ್ವೀಪವನ್ನು ಕಸಿದುಕೊಂಡು, ಆಫ್ರಿಕಾದಿಂದ ಹೊತ್ತು ತಂದ ಗುಲಾಮರ ದುಡಿಮೆಯಿಂದ ಕಬ್ಬಿನ ತೋಟಗಳನ್ನು ಬೆಳೆಸುತ್ತ ಹೋದಂತೆ, ತಪ್ಪಿಸಿಕೊಂಡವರು ಇಂಥ ಬೆಟ್ಟಗಳಲ್ಲಿ ನೆಲೆಸಿ ‘ಮರೂನ್’ ಎನಿಸಿಕೊಂಡರು. ಅವರನ್ನು ಬೆನ್ನಟ್ಟಿದ ಸೈನಿಕರು ಯಾವ ಪೊದೆಯಿಂದ ದಾಳಿ ಬರುವುದೋ ಎಂದು ಹಿಂದಕ್ಕೂ ಮುಂದಕ್ಕೂ ನೋಡುತ್ತ ಸಾಗುತ್ತಿದ್ದುದರಿಂದ ಅಲ್ಲಿನ ಒಂದು ಭಾಗಕ್ಕೆ ‘ಹಿಂದೆ ನೋಡು’ ಎಂಬ ಹೆಸರು ನಿಂತಿತೆಂದು ಪ್ರತೀತಿಯಿದೆ. ಸಾಮ್ರಾಜ್ಯದ ಸೇನೆ ಗೆಲ್ಲಲಾರದೆ 1739ರಲ್ಲಿ ಮರೂನ್ ನಾಯಕ ಕಜೋನೊಡನೆ ಒಪ್ಪಂದ ಮಾಡಿಕೊಂಡಿತಾದರೂ, ಮುಂದೆ ತಪ್ಪಿಸಿಕೊಂಡು ಬರುವ ಗುಲಾಮರನ್ನು ಮರೂನರೇ ಹಿಡಿದೊಪ್ಪಿಸಬೇಕೆಂಬ ಷರತ್ತು ಅದರಲ್ಲಿತ್ತು. ಸ್ವಾತಂತ್ರ್ಯ ಪಡೆದವರನ್ನೇ ಸ್ವಾತಂತ್ರ್ಯ ಬಯಸುವವರ ಕಾವಲಿಗೆ ನಿಲ್ಲಿಸಿದ ಈ ಕ್ರೌರ್ಯವನ್ನು ನೆನೆಯದೆ ಜಮೈಕಾದ ಬೆಟ್ಟಗಳ ವೀರಗಾಥೆಯನ್ನು ಹೇಳುವುದು ಅರೆಸತ್ಯವಾಗುತ್ತದೆ. 1838ರಲ್ಲಿ ಗುಲಾಮಗಿರಿ ಪೂರ್ಣವಾಗಿ ಕೊನೆಗೊಂಡಾಗಲೂ ಬ್ರಿಟಿಷ್ ಸಾಮ್ರಾಜ್ಯದುದ್ದಕ್ಕೂ ಹಂಚಲಾದ ಎರಡು ಕೋಟಿ ಪೌಂಡ್ ಪರಿಹಾರ ಸೇರಿದ್ದು ಮಾಲೀಕರ ಕೈಗೆ, ದುಡಿದವರಿಗಲ್ಲ.

ಮಾರ್ಲೆಯವರು ನಂಬಿದ್ದ ರಾಸ್ತಾಫರಿ ಧರ್ಮ ಹುಟ್ಟಿದ್ದು ಈ ಗಾಯದ ಮೇಲೆಯೇ. ಜಮೈಕಾದವರೇ ಆದ ಮಾರ್ಕಸ್ ಗಾರ್ವಿ ಆಫ್ರಿಕಾ ಮೂಲದವರಲ್ಲಿ ಆತ್ಮಗೌರವವನ್ನೂ ಮರಳಿ ಆಫ್ರಿಕಾದತ್ತ ನೋಡುವ ಹಂಬಲವನ್ನೂ ಬಿತ್ತಿದ್ದರು. 1930ರ ನವೆಂಬರ್ 2ರಂದು ಇಥಿಯೋಪಿಯದಲ್ಲಿ ರಾಸ್ ತಫಾರಿ ಎಂಬ ರಾಜಕುಮಾರ ಹೈಲೆ ಸೆಲಾಸಿ ಎಂಬ ಹೆಸರಿನಲ್ಲಿ ಚಕ್ರವರ್ತಿಯಾದಾಗ, ಲೆನರ್ಡ್ ಹೋವೆಲ್ ಮೊದಲಾದ ಬೋಧಕರು ಆತನೇ ಬೈಬಲ್ ಸಾರಿದ್ದ ದೈವಪುರುಷನೆಂದು ಘೋಷಿಸಿದರು. ಬ್ರಿಟಿಷ್ ದೊರೆಯ ಪ್ರಜೆಗಳು ಒಬ್ಬ ಕಪ್ಪು ಚಕ್ರವರ್ತಿಯನ್ನು ದೇವರೆಂದು ನಂಬುವುದು ಆ ಕಾಲಕ್ಕೆ ರಾಜದ್ರೋಹವೇ ಆಗಿತ್ತು, ಹೋವೆಲ್ ಅದಕ್ಕಾಗಿ ಜೈಲಿಗೂ ಹೋದರು. ತಮ್ಮನ್ನು ಸೆರೆಹಿಡಿದ ವ್ಯವಸ್ಥೆಯೆಲ್ಲವನ್ನೂ ರಾಸ್ತಾಗಳು ‘ಬ್ಯಾಬಿಲಾನ್’ ಎಂದೂ, ಮರಳಬೇಕಾದ ತವರನ್ನು ‘ಜಿಯಾನ್’ ಎಂದೂ ಕರೆಯುತ್ತಾರೆ; ಜಟೆ, ಉಪ್ಪಿಲ್ಲದ ಸಸ್ಯಾಹಾರ, ಧ್ಯಾನದ ಸಾಧನವೆಂದು ಸೇದುವ ಗಾಂಜಾ ಇವೆಲ್ಲ ಆ ವ್ಯವಸ್ಥೆಯಿಂದ ಹೊರಬಂದು ಬದುಕುವ ನೇಮಗಳು. ಇಲ್ಲಿ ಭಾರತದ ನೆರಳೂ ಇದೆ: 1845ರಿಂದ ಕರಾರು ಕೂಲಿಗಳಾಗಿ ಜಮೈಕಾದ ತೋಟಗಳಿಗೆ ಹೋದ ಭಾರತೀಯರ ಮಾತಿನಿಂದಲೇ ಗಾಂಜಾ ಎಂಬ ಹೆಸರು ಆ ದ್ವೀಪಕ್ಕೆ ಬಂದಿತು, ಹೋವೆಲ್ ತಮ್ಮ ಪುಸ್ತಕಕ್ಕೆ ಇಟ್ಟುಕೊಂಡ ಅಂಕಿತವೂ ‘ಮರಾಘ್’ ಎಂಬ ಭಾರತೀಯ ಧ್ವನಿಯದು.

ಗ್ರೀನ್‌ಬರ್ಗ್ ಇದನ್ನೆಲ್ಲ ಪಾಠದಂತೆ ಒಪ್ಪಿಸುವುದಿಲ್ಲ. ಜರ್ಮನ್ ನಿರ್ದೇಶಕ ವರ್ನರ್ ಹರ್ಜಾಗ್ ಅವರ ಹಲವು ಚಿತ್ರಗಳಿಗೆ ಕ್ಯಾಮೆರಾ ಹಿಡಿದಿದ್ದ ಯೋರ್ಗ್ ಶ್ಮಿಟ್-ರೈಟ್‌ವೈನ್ ಇಲ್ಲಿಯೂ ಛಾಯಾಗ್ರಾಹಕರಾಗಿದ್ದು, ಮಂಜು, ಹಸಿರು ಮತ್ತು ಮುಖಗಳ ಮೇಲೆ ದೃಷ್ಟಿಯನ್ನು ಆತುರವಿಲ್ಲದೆ ನಿಲ್ಲಿಸುತ್ತಾರೆ. ಗ್ರೆಗರಿ ಐಸಾಕ್ಸ್ ಅವರ ಗಾಯನಕ್ಕೂ, ರೆಗ್ಗೆಯ ಲಯದ ಮೇಲೆ ಕವಿತೆ ಹೇಳುವ ‘ಡಬ್ ಕಾವ್ಯ’ದ ಮುಟಾಬರುಕಾ ಅವರಿಗೂ ಚಿತ್ರದಲ್ಲಿ ಜಾಗವಿದೆ, ಕೆ. ಲೀಮರ್ ಅವರ ಎಲೆಕ್ಟ್ರಾನಿಕ್ ಸಂಗೀತ ಅವುಗಳ ನಡುವೆ ಹರಿಯುತ್ತದೆ. ರೆಗ್ಗೆಯ ಪ್ರಸಿದ್ಧ ‘ಒನ್ ಡ್ರಾಪ್’ ಲಯದಲ್ಲಿ ನಾಲ್ಕು ಮಾತ್ರೆಗಳ ಆವರ್ತನದ ಮೊದಲ ಮಾತ್ರೆಯನ್ನು ಖಾಲಿ ಬಿಟ್ಟು ಮೂರನೆಯದರ ಮೇಲೆ ಡ್ರಮ್ಮಿನ ಭಾರವನ್ನು ಇಳಿಸಲಾಗುತ್ತದೆ, ಗಿಟಾರು ಎಡೆಗಳಲ್ಲಿ ಮೀಟುತ್ತದೆ. ಅದರ ಬೇರುಗಳಲ್ಲೊಂದು ರಾಸ್ತಾಗಳ ‘ನ್ಯಾಬಿಂಗಿ’ ಭಜನಾಕೂಟ, ಅಲ್ಲಿ ದೊಡ್ಡ ಚಂಡೆಯೂ ಫುಂಡೆ ಮತ್ತು ರಿಪೀಟರ್ ಎಂಬ ಕೈಚರ್ಮವಾದ್ಯಗಳೂ ರಾತ್ರಿಯಿಡೀ ನುಡಿಯುತ್ತವೆ. ರೆಗ್ಗೆ ಲಯದ ಆ ಬಿಡುವನ್ನು ಸಂಕಲನದಲ್ಲಿಯೂ ಕೇಳಿಸಿದ್ದು, ಒಂದು ಮಾತು ಮುಗಿದ ಮೇಲೆ ಇನ್ನೊಂದು ಆರಂಭವಾಗುವವರೆಗೆ ಕಾಡನ್ನು ಮಾತಾಡಲು ಬಿಟ್ಟದ್ದು, ಸಂಗೀತದ ಬಗೆಗಿನ ಚಿತ್ರಗಳಲ್ಲಿ ಅಪರೂಪದ ಸಂಯಮ.

ಆದರೂ ಕೊರತೆಗಳಿವೆ. ರಾಸ್ತಾ ಹೆಂಗಸರ ದನಿ ಇಲ್ಲಿ ತೀರ ಕ್ಷೀಣವಾಗಿದ್ದು, ಧರ್ಮವೆಂಬುದು ಗಂಡಸರ ಮಾತುಕತೆಯೇ ಎಂಬ ಭಾವನೆ ಮೂಡುತ್ತದೆ. ವಿವರಣೆಯ ಮೌನ ಸೌಂದರ್ಯಕ್ಕೆ ಒದಗಿದಷ್ಟು ಚರಿತ್ರೆಗೆ ಒದಗುವುದಿಲ್ಲ. ಸ್ವತಂತ್ರ ಜಮೈಕಾದ ಸರ್ಕಾರವೇ 1963ರಲ್ಲಿ ಮಾಂಟೆಗೋ ಬೇ ಸಮೀಪದ ಕೋರಲ್ ಗಾರ್ಡನ್ಸ್‌ನಲ್ಲಿ ನಡೆದ ಘರ್ಷಣೆಯ ಬಳಿಕ ನಿರಪರಾಧಿ ರಾಸ್ತಾಗಳನ್ನೂ ಹಿಡಿದು ಬಡಿದು, ಜಟೆ ಕತ್ತರಿಸಿ ಸೆರೆಗೆ ಹಾಕಿತ್ತು. ಹದಿನೆಂಟು ವರ್ಷಗಳ ಬಳಿಕ ಅದೇ ಪಕ್ಷದ ಸರ್ಕಾರ ರಾಸ್ತಾ ಗಾಯಕ ಮಾರ್ಲೆಯವರಿಗೆ ರಾಷ್ಟ್ರೀಯ ಗೌರವದ ಅಂತ್ಯಕ್ರಿಯೆ ನಡೆಸಿ, ಅವರ ಹುಟ್ಟೂರಾದ ನೈನ್ ಮೈಲ್‌ಗೆ ಕಳಿಸಿಕೊಟ್ಟಿತು. ಈ ವೈರುಧ್ಯ ಕ್ಯಾಮೆರಾದ ಎದುರಿಗೇ ನಡೆದುಹೋದರೂ, ಹಿನ್ನೆಲೆ ಅರಿಯದ ಪ್ರೇಕ್ಷಕನಿಗೆ ಅದು ಕಾಣುವುದಿಲ್ಲ. ಕೋರಲ್ ಗಾರ್ಡನ್ಸ್ ಸಂತ್ರಸ್ತರಿಗೆ ಸರ್ಕಾರ ಸಂಸತ್ತಿನಲ್ಲಿ ಅಧಿಕೃತವಾಗಿ ಕ್ಷಮೆ ಕೋರಿದ್ದು 2017ರಲ್ಲಿ, ಚಿತ್ರ ತೆರೆಕಂಡು ಮೂವತ್ತೈದು ವರ್ಷಗಳಾದ ಮೇಲೆ.