ಚೀಟಿ ಹಿಡಿದು ಕುದುರೆಮುಖಕ್ಕೆ

ಬಜಗೋಳಿಯಲ್ಲಿ ಎರಡು ಬನ್ಸು ತಿಂದು ಚಾ ಕುಡಿದು ಹೊರಟಾಗ ಬೆಳಗ್ಗೆ ಎಂಟು. ಮಾಳ ದಾಟಿ ಅರಣ್ಯ ಇಲಾಖೆಯ ಗೇಟಿಗೆ ಬಂದರೆ, ರೇನ್‌ಕೋಟಿನೊಳಗೆ ಮುದುಡಿ ಕೂತಿದ್ದ ಹುಡುಗ ಗಾಡಿ ನಂಬರು, ಸಮಯ ಬರೆದು ಒಂದು ಚೀಟಿ ಕೊಟ್ಟ. "ಕಾಡೊಳಗೆ ಎಲ್ಲೂ ನಿಲ್ಲಿಸ್ಬೇಡಿ ಸಾರ್. ಆಚೆ ಗೇಟಲ್ಲಿ ಚೀಟಿ ವಾಪಸ್ ಕೊಡಿ."

ಇಪ್ಪತ್ತೊಂದು ವರ್ಷ ಸಂಬಳ ತೆಗೆದುಕೊಂಡ ಊರಿಗೆ ಚೀಟಿ ಹಿಡಿದು ಹೋಗಬೇಕು. ಸಿಟ್ಟು ಬರಲಿಲ್ಲ, ನಗು ಬಂತು. ಚೀಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಂಡೆ.

ನನ್ನದು ಯೆಜ್ಡಿ ರೋಡ್‌ಕಿಂಗ್, 1989ರಲ್ಲಿ ಕೊಂಡದ್ದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಗಾಡಿ. ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸಲಾಕೆಯೇ ಮುಂದಕ್ಕೆ ಮಡಚಿದರೆ ಗೇರು. ಪೆಟ್ರೋಲ್ ಹಾಕಿಸುವಾಗಲೆಲ್ಲ ಆಯಿಲ್ ಬೆರೆಸಬೇಕು. ಈಗಿನ ಬಂಕಿನ ಹುಡುಗರಿಗೆ ಅದನ್ನು ವಿವರಿಸುವಷ್ಟರಲ್ಲಿ ಹಿಂದೆ ನಿಂತವರು ಹಾರ್ನ್ ಹೊಡೆಯುತ್ತಾರೆ. ಮಗ ಮಾರಿಬಿಡು ಎನ್ನುತ್ತಾನೆ. ಸಿ ಶಿಫ್ಟ್ ಮುಗಿಸಿ ಮಂಜಿನಲ್ಲಿ ಮನೆ ಸೇರಿಸುತ್ತಿದ್ದ ಗಾಡಿ, ಮಾರುವುದು ಹೇಗೆ?

ಘಾಟಿ ಹತ್ತಿದ ಮೇಲೆ ಎಸ್.ಕೆ. ಬಾರ್ಡರ್ ಸಿಗುತ್ತದೆ. ಸೌತ್ ಕೆನರಾ ಜಿಲ್ಲೆಯ ಗಡಿ ಎಂದು ಆ ಹೆಸರು. ಜಿಲ್ಲೆ ಒಡೆದು ಹೆಸರು ಬದಲಾದರೂ ಬಾರ್ಡರ್ ಮಾತ್ರ ಅದೇ. ಅಲ್ಲಿಂದ ಎಡಕ್ಕೂ ಬಲಕ್ಕೂ ಹುಲ್ಲಿನ ಬೋಳುಗುಡ್ಡ, ಮಡಿಕೆ ಮಡಿಕೆಗಳಲ್ಲಿ ಶೋಲಾ ಕಾಡು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಸೀಮೆಯಲ್ಲಿದೆ.

ಈ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣವಿದೆ ಎಂದು ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ನೂರು ವರ್ಷಕ್ಕೂ ಹಿಂದೆಯೇ ಗುರುತಿಸಿದ್ದರು. ಅಗೆಯಲು ದುಡ್ಡು ಹೊರಟದ್ದು ಮಾತ್ರ 1975ರಲ್ಲಿ, ಅದೂ ಇರಾನಿನ ಷಾ ಕೊಡುತ್ತೇನೆಂದ ಸಾಲದಿಂದ. ಮರುವರ್ಷ ಕಂಪನಿ ಹುಟ್ಟಿತು. ಗಣಿ ತಯಾರಾಗುವ ಹೊತ್ತಿಗೆ, 1979ರಲ್ಲಿ, ಅಲ್ಲಿ ಕ್ರಾಂತಿಯಾಗಿ ಷಾ ದೇಶವನ್ನೇ ಬಿಟ್ಟು ಹೋದ. ಅದಿರು ಸಿದ್ಧ, ಕೊಳ್ಳುವವರಿಲ್ಲ! ನಾನು 1984ರಲ್ಲಿ ಫಿಟ್ಟರ್ ಆಗಿ ಸೇರುವಾಗಲೂ ಹಳಬರು ಕ್ಯಾಂಟೀನಿನಲ್ಲಿ ಆ ಷಾನನ್ನು ಮದುವೆ ಮುರಿದ ಬೀಗರನ್ನು ಬೈದ ಹಾಗೆ ಬೈಯುತ್ತಿದ್ದರು.

ಇಲ್ಲಿಯ ಅದಿರು ಬಳ್ಳಾರಿಯದರಂತೆ ಅಗೆದು ಲಾರಿಗೆ ತುಂಬುವಂಥದ್ದಲ್ಲ. ಕಬ್ಬಿಣದ ಅಂಶ ಕಡಿಮೆ, ಮ್ಯಾಗ್ನೆಟೈಟ್. ಅದನ್ನು ಪುಡಿ ಮಾಡಬೇಕು, ತೊಳೆಯಬೇಕು, ಅಯಸ್ಕಾಂತದ ಡ್ರಮ್ಮಿನ ಮೇಲೆ ಹರಿಸಿ ಕಬ್ಬಿಣವನ್ನು ಹಿಡಿದು ಮಣ್ಣನ್ನು ಬಿಡಬೇಕು. ಮೂರು ಟನ್ ಅಗೆದರೆ ಒಂದು ಟನ್ ಸರಕು, ಅಂದಾಜು ಲೆಕ್ಕ. ನನ್ನ ಕೆಲಸ ಪುಡಿ ಮಾಡುವ ಮಿಲ್ಲಿನಲ್ಲಿ. ಮನೆಯಷ್ಟು ದೊಡ್ಡ ಡ್ರಮ್ಮು, ಒಳಗೆ ಉಕ್ಕಿನ ಗುಂಡುಗಳು. ಡ್ರಮ್ಮು ತಿರುಗಿದರೆ ಗುಂಡು ಎದ್ದು ಬಿದ್ದು ಕಲ್ಲನ್ನು ಅರೆಯುತ್ತದೆ. ಒಳಗೋಡೆಗೆ ಹೊದಿಸಿದ ಲೈನರ್ ಸವೆದಾಗ ಮಿಲ್ಲು ನಿಲ್ಲಿಸಿ, ನಾವು ಒಳಕ್ಕೆ ನುಸುಳಿ ಬೋಲ್ಟು ಬಿಚ್ಚಿ ಹೊಸದು ಕೂರಿಸುತ್ತಿದ್ದೆವು. ಒಳಗೆ ಬೆವರು, ಹೊರಗೆ ಚಳಿ. ಎರಡರ ನಡುವೆ ಹೊಗೆಯಾಡುವ ಚಾ.

ಕೊನೆಗೆ ಸಿಗುತ್ತಿದ್ದದ್ದು ಮಿರಮಿರ ಮಿನುಗುವ ಕಪ್ಪು ಪುಡಿ. ಒಂದು ಔಷಧಿ ಬಾಟಲಿಯಷ್ಟು ಈಗಲೂ ಮನೆಯಲ್ಲಿದೆ. ಕಾಗದದ ಮೇಲೆ ಸುರಿದು ಕೆಳಗೆ ಅಯಸ್ಕಾಂತ ಆಡಿಸಿದರೆ ಮುಳ್ಳುಹಂದಿಯ ಹಾಗೆ ನಿಮಿರಿ ನಿಲ್ಲುತ್ತದೆ. ಮೊಮ್ಮಗಳಿಗೆ ಅದೇ ಆಟ. ಈ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಹರಿಸುತ್ತಿದ್ದರು. ಲಾರಿಯೂ ಇಲ್ಲ, ರೈಲೂ ಇಲ್ಲ. ಹರಿವು ನಿಂತರೆ ಪುಡಿ ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತದೆ ಎಂಬ ಭಯ ಸದಾ ಇರುತ್ತಿತ್ತು.

ಇದನ್ನೆಲ್ಲ ನೆನೆಯುತ್ತಾ ಏರಿನಲ್ಲಿ ಹೋಗುವಾಗಲೇ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮಳೆಗಾಲ ಮುಗಿಯುತ್ತಾ ಬಂದ ಸೆಪ್ಟೆಂಬರ್ ಕೊನೆ, ಸುತ್ತ ಮಂಜು. ಪ್ಲಗ್ಗು ಬಿಚ್ಚಿ ನೋಡಿದರೆ ಆಯಿಲ್ ಕುಡಿದು ಕರಿಬಡಿದಿದೆ. ಸೀಟಿನಡಿಯಿಂದ ಎಮರಿ ಕಾಗದ ತೆಗೆದು ಉಜ್ಜುತ್ತಾ ಕೂತೆ. ಎಷ್ಟೋ ವರ್ಷದ ಮೇಲೆ ಈ ಗುಡ್ಡದಲ್ಲಿ ಸ್ಪ್ಯಾನರ್ ಹಿಡಿದಿದ್ದೇನೆ ಎಂದು ಹೊಳೆದದ್ದು ಆಮೇಲೆ. ಜೀಪೊಂದು ಬಂದು ನಿಂತಿತು.

"ಇಲ್ಲಿ ನಿಲ್ಲಿಸೋ ಹಾಗಿಲ್ಲ ಸಾರ್."

"ನಾನು ನಿಲ್ಲಿಸಿದ್ದಲ್ಲ ಮಾರಾಯ, ಅದೇ ನಿಂತದ್ದು."

ವಾಚರ್ ಇಳಿದು ಬಂದ. ಬ್ಯಾಟರಿ ಹಿಡಿದು ಬೆಳಕು ಬಿಟ್ಟ. ಮಾತಿಗೆ ಸಿಕ್ಕ ಮೇಲೆ, "ನಮ್ಮಮ್ಮನೂ ಕಂಪನಿ ಕ್ಯಾಂಟೀನಲ್ಲಿ ಇದ್ದರು" ಎಂದ. ಯಾವ ಕ್ಯಾಂಟೀನು, ಯಾವ ಶಿಫ್ಟು ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಪ್ಲಾಂಟು ನಿಂತಾಗ ಅವನಿನ್ನೂ ಎರಡನೇ ಕ್ಲಾಸು.

ಊರೊಳಗೆ ಇಳಿದೆ. ನಮ್ಮ ಬೀದಿಯ ಕ್ವಾರ್ಟರ್ಸುಗಳ ಗೋಡೆಗೆ ಜರಿಗಿಡ ಹತ್ತಿದೆ, ನಮ್ಮ ಅಡುಗೆಮನೆಯ ಕಿಟಕಿಯಿಂದ ಒಂದು ಪೇರಲೆ ಕೊಂಬೆ ಹೊರಗೆ ಇಣುಕುತ್ತಿದೆ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುವ ಊರು ಇದು. ಜೂನ್ ಬಂತೆಂದರೆ ಹೆಂಡತಿ ಬಟ್ಟೆಯ ಕಪಾಟಿನೊಳಗೆ 40 ವ್ಯಾಟಿನ ಬಲ್ಬು ಉರಿಸಿಡುತ್ತಿದ್ದಳು, ಬೂಷ್ಟು ಹಿಡಿಯಬಾರದೆಂದು. ಮದುವೆಯ ಸೀರೆಗೆ ಹೀಗೆ ಮೂರು ತಿಂಗಳು ದೀಪ! ಪ್ಲಾಂಟಿನ ಗೇಟಿನ ಹತ್ತಿರ ಹೋದೆ, ಒಳಗೆ ಬಿಡುವುದಿಲ್ಲ. ಬಿಟ್ಟಿದ್ದರೂ ಹೋಗುತ್ತಿದ್ದೆನೋ ಇಲ್ಲವೋ.

ಗಣಿಯ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಕೆ.ಎಂ. ಚಿಣ್ಣಪ್ಪನವರ ಹೆಸರು ನಮ್ಮ ಕಾಲೊನಿಯಲ್ಲಿ ಮಕ್ಕಳಿಗೂ ಗೊತ್ತಿತ್ತು. ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಸೇರುತ್ತದೆ, ರಾಷ್ಟ್ರೀಯ ಉದ್ಯಾನದ ನಡುವೆ ಗಣಿ ಸಲ್ಲದು ಎಂಬುದು ಅವರ ವಾದ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು 2005ರ ಕೊನೆಗೆ ನಿಲ್ಲಿಸಿ ಎಂದಿತು. ಆಗ ನಾವು ಧರಣಿ ಕೂತೆವು, ನಾನೂ ಘೋಷಣೆ ಕೂಗಿದೆ. ಮನೆಸಾಲ ಇದ್ದವನಿಗೆ ಸಿಂಗಳೀಕ ಕಾಣುವುದಿಲ್ಲ. ಇವತ್ತು ಕೇಳಿದರೆ, ಅವರು ಹೇಳಿದ್ದು ಸರಿ ಎನ್ನುತ್ತೇನೆ. ಆದರೆ ಮಾಡಿದ ಕೆಲಸಕ್ಕೆ ನಾಚಿಕೊಳ್ಳು ಎಂದರೆ ಅದು ನನ್ನಿಂದಾಗದು. ಲೈನರನ್ನು ಒಂದು ನೂಲೂ ಸಡಿಲವಾಗಿ ಬಿಗಿದವನಲ್ಲ ನಾನು.

ಅಯಸ್ಕಾಂತ ಬಿಟ್ಟ ಮಣ್ಣೆಲ್ಲ ಎಲ್ಲಿಗೆ ಹೋಯಿತು? ಲಕ್ಯಾ ಹೊಳೆಗೆ ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿ ಅದರ ಹಿಂದೆ ತುಂಬಿದ್ದಾರೆ. ನೋಡಿದರೆ ತಿಳಿನೀರಿನ ಕೆರೆಯಂತೆ ಕಾಣುತ್ತದೆ, ಫೋಟೋ ಹಿಡಿಯುವವರಿಗೆ ಬಹಳ ಇಷ್ಟ. ಅಡಿಯಲ್ಲಿರುವುದು ಅರೆದ ಗುಡ್ಡ. ಅದರಲ್ಲಿ ನಮ್ಮ ಮಿಲ್ಲು ಅರೆದ ಪಾಲೆಷ್ಟು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಲು ಹೊರಟು, ಸೊನ್ನೆಗಳು ತಪ್ಪಿ ಬಿಟ್ಟುಬಿಟ್ಟೆ.

ಆಚೆ ಗೇಟಿನಲ್ಲಿ ಚೀಟಿ ಕೊಟ್ಟಾಗ ಅಲ್ಲಿದ್ದವನು ಗಡಿಯಾರ ನೋಡಿದ.

"ಇಷ್ಟೊತ್ತು ಎಲ್ಲಿದ್ರಿ ಸಾರ್?"

ಕಪ್ಪಾಗಿದ್ದ ಕೈ ತೋರಿಸಿದೆ. "ಕೆಲಸ ಇತ್ತು" ಎಂದೆ.

ಕಳಸದಲ್ಲಿ ಹೋಟೆಲಿಗೆ ಹೋಗಿ ಬೂಟು ಬಿಚ್ಚಿದರೆ ಕಾಲುಚೀಲವೆಲ್ಲ ರಕ್ತ. ಪ್ಲಗ್ಗು ಉಜ್ಜುವಾಗ ಹತ್ತಿದ ಉಂಬಳ ಕುಡಿದು ಕುಡಿದು ದ್ರಾಕ್ಷಿಯಾಗಿತ್ತು. ಹೋಟೆಲಿನವರು ಕೇಳದೆಯೇ ಚಿಟಿಕೆ ಉಪ್ಪು ತಂದಿಟ್ಟು, ಕಾಫಿಯೋ ಚಾವೋ ಎಂದರು.